ಗೇರುಬೀಜದ ರಫ್ತು: ಅಂಗಳದಿಂದ ಬಂದರಿನವರೆಗೆ

(ಗ್ರಾಮ ಪಂಚಾಯತ್ ಸದಸ್ಯರ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಕರಾವಳಿಯ ಯಾವುದೇ ಗ್ರಾಮಸಭೆಯಲ್ಲಿ ಇತ್ತೀಚೆಗೆ ಒಂದು ಪ್ರಶ್ನೆ ಕೇಳಿಬರುತ್ತದೆ. ಓದು ಮುಗಿಸಿ ಊರಿಗೆ ಮರಳಿದ ಯುವಕನೋ, ಸ್ವಸಹಾಯ ಸಂಘದ ಸದಸ್ಯೆಯೋ ಎದ್ದು ನಿಂತು ಕೇಳುತ್ತಾರೆ: "ನಮ್ಮ ಗುಡ್ಡದಲ್ಲಿ ಬೆಳೆದ ಗೇರುಬೀಜ ಗೋಡಂಬಿಯಾಗಿ ದುಬೈಗೆ, ಜಪಾನಿಗೆ ಹೋಗುತ್ತದೆಯಂತೆ. ಅದನ್ನು ನಾವೇ ಕಳುಹಿಸಲು ಏಕೆ ಸಾಧ್ಯವಿಲ್ಲ?" ಪ್ರಶ್ನೆ ನ್ಯಾಯವಾದುದು. ಆದರೆ ವೇದಿಕೆಯಿಂದ ಬರುವ ಉತ್ತರ ಬಹುಪಾಲು ಎರಡೇ ಬಗೆಯದು: "ಅದು ದೊಡ್ಡವರ ಕೆಲಸ" ಎಂಬುದು ಒಂದು, "ಸಾಲ ಮಾಡಿ ಆರಂಭಿಸಿ, ಸಹಾಯಧನ ಇದೆ" ಎಂಬುದು ಇನ್ನೊಂದು. ಮೊದಲನೆಯ ಉತ್ತರ ಉತ್ಸಾಹವನ್ನು ಕೊಲ್ಲುತ್ತದೆ. ಎರಡನೆಯದು ಮನೆಯ ಹಕ್ಕುಪತ್ರವನ್ನು ಬ್ಯಾಂಕಿನಲ್ಲಿ ಇರಿಸುತ್ತದೆ. ಇವೆರಡರ ನಡುವೆ ಇರುವ ನಿಜವಾದ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ, ಲೆಕ್ಕಸಹಿತ ಸದಸ್ಯರ ಮುಂದಿಡುವುದು ಈ ಉಪನ್ಯಾಸದ ಉದ್ದೇಶ.

ಹಿನ್ನೆಲೆ

ಗೇರು ಈ ನೆಲದ ಮೂಲ ಮರವಲ್ಲ. ಬ್ರೆಜಿಲ್ ದೇಶದ ಈ ಮರವನ್ನು 16ನೇ ಶತಮಾನದಲ್ಲಿ ಪೋರ್ಚುಗೀಸರು ಭಾರತದ ಪಶ್ಚಿಮ ಕರಾವಳಿಗೆ ತಂದರು. ಬೇರೇನೂ ಬೆಳೆಯದ ಮುರಕಲ್ಲಿನ ಗುಡ್ಡಗಳಲ್ಲಿ ಅದು ನೆಲೆಯೂರಿತು. ಕಳೆದ ಶತಮಾನದಲ್ಲಿ ಕೇರಳದ ಕೊಲ್ಲಂ ಮತ್ತು ಕರ್ನಾಟಕದ ಮಂಗಳೂರು ಗೋಡಂಬಿ ಉದ್ಯಮದ ಪ್ರಮುಖ ಕೇಂದ್ರಗಳಾಗಿ ಬೆಳೆದವು. ಗೇರು ಸಂಶೋಧನೆಗಾಗಿಯೇ ಮೀಸಲಾದ ರಾಷ್ಟ್ರಮಟ್ಟದ ಸಂಸ್ಥೆ ಪುತ್ತೂರಿನಲ್ಲಿದೆ. ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ಕೇಂದ್ರ ಕಚೇರಿ ಮಂಗಳೂರಿನಲ್ಲಿದೆ. ನವಮಂಗಳೂರು ಬಂದರು ಪಣಂಬೂರಿನಲ್ಲಿದೆ. ಮರ, ಸಂಶೋಧನೆ, ಕಾರ್ಖಾನೆ, ಬಂದರು ಈ ನಾಲ್ಕೂ ಒಂದೇ ಜಿಲ್ಲೆಯಲ್ಲಿ ದೊರೆಯುವುದು ಅಪರೂಪ.

ಆದರೂ ಎರಡು ಸತ್ಯಗಳನ್ನು ಆರಂಭದಲ್ಲಿಯೇ ಒಪ್ಪಿಕೊಳ್ಳಬೇಕು. ಒಂದು ಕಾಲದಲ್ಲಿ ಗೋಡಂಬಿ ರಫ್ತಿನಲ್ಲಿ ಭಾರತ ಮೊದಲ ಸ್ಥಾನದಲ್ಲಿತ್ತು. ಈಗ ಆ ಸ್ಥಾನ ವಿಯೆಟ್ನಾಂನದು. ಯಂತ್ರಗಳ ನೆರವಿನಿಂದ ಅದು ಕಡಿಮೆ ವೆಚ್ಚದಲ್ಲಿ ಸಂಸ್ಕರಿಸುತ್ತದೆ. ಎರಡನೆಯದಾಗಿ, ನಮ್ಮ ಕಾರ್ಖಾನೆಗಳಿಗೆ ಬೇಕಾದಷ್ಟು ಬೀಜ ನಮ್ಮಲ್ಲಿ ಬೆಳೆಯುವುದಿಲ್ಲ. ಐವರಿ ಕೋಸ್ಟ್, ಬೆನಿನ್, ಘಾನಾ, ತಾಂಜಾನಿಯಾ ಮುಂತಾದ ಆಫ್ರಿಕಾದ ದೇಶಗಳಿಂದ ಹಸಿ ಬೀಜ ಹಡಗಿನಲ್ಲಿ ಬಂದು ಇಲ್ಲಿಯ ಕಾರ್ಖಾನೆಗಳನ್ನು ನಡೆಸುತ್ತಿದೆ. ಅಂದರೆ ಊರಿನ ರೈತನ ಬೀಜಕ್ಕೆ ಬೇಡಿಕೆಯ ಕೊರತೆಯಿಲ್ಲ. ಕೊರತೆ ಇರುವುದು ಬೇರೆಡೆ.

ಅಂಗಳದಲ್ಲಿ ಆಗುವ ನಷ್ಟ

ಗೇರು ಫಸಲು ಫೆಬ್ರವರಿಯಿಂದ ಮೇ ತಿಂಗಳವರೆಗೆ ದೊರೆಯುತ್ತದೆ. ಮೇ ತಿಂಗಳ ಮಳೆ ಹತ್ತಿರವಾದಂತೆ ಹೆಕ್ಕಿದ ಬೀಜ ಅದೇ ದಿನ ಅಂಗಡಿಗೆ ಹೋಗುತ್ತದೆ. ಹಸಿಯದು, ಒಣಗಿದ್ದು, ಎಳೆಯದು, ಬಲಿತದ್ದು ಎಲ್ಲವೂ ಒಂದೇ ಚೀಲದಲ್ಲಿರುತ್ತದೆ. ಕೊಳ್ಳುವವನು ಅಷ್ಟಕ್ಕೂ ಒಂದೇ ದರ ಹೇಳುತ್ತಾನೆ. ತೇವದ ಬೀಜ ದಾಸ್ತಾನಿನಲ್ಲಿ ಬೂಷ್ಟು ಹಿಡಿಯುವುದೆಂದು ಅವನಿಗೆ ತಿಳಿದಿದೆ. ಆ ನಷ್ಟವನ್ನು ಮುಂಚಿತವಾಗಿಯೇ ದರದಲ್ಲಿ ಕಳೆದಿರುತ್ತಾನೆ.

ಬೀಜವನ್ನು ಒಣಗಿಸಿ ಮಾರಿರೆಂದು ತೋಟಗಾರಿಕೆ ಇಲಾಖೆಯವರು ಹಲವು ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ರೈತರು ಒಣಗಿಸುವುದಿಲ್ಲ. ಇದನ್ನು ಸೋಮಾರಿತನವೆಂದು ತಿಳಿಯಬಾರದು. ಅವರ ಬಳಿ ಲೆಕ್ಕವಿದೆ. ಶೇಕಡಾ 20 ತೇವಾಂಶವಿರುವ 100 ಕಿಲೋ ಬೀಜವನ್ನು ದಾಸ್ತಾನಿಗೆ ಯೋಗ್ಯವಾದ ಶೇಕಡಾ 8ರ ತೇವಾಂಶಕ್ಕೆ ಇಳಿಸಿದರೆ ಉಳಿಯುವ ತೂಕ ಸುಮಾರು 87 ಕಿಲೋ. ಹದಿಮೂರು ಕಿಲೋ ಬಿಸಿಲಿಗೆ ಹೋಯಿತು. ಒಣಗಿದ ಬೀಜಕ್ಕೆ ಕನಿಷ್ಠ ಶೇಕಡಾ 15ರಷ್ಟು ಹೆಚ್ಚಿನ ದರ ದೊರೆತರೆ ಮಾತ್ರ ರೈತನಿಗೆ ಅಸಲು ಹುಟ್ಟುತ್ತದೆ. ಎರಡು ಮೂರು ದಿನ ಹರವಿ, ಸಂಜೆ ಬಾಚಿ, ಮಳೆಗೆ ಓಡಿ ಬಂದು ಮುಚ್ಚಿದ ಶ್ರಮಕ್ಕೆ ಅದರ ಮೇಲೂ ಏನಾದರೂ ಸಿಗಬೇಕು. ಒಂದೇ ದರದ ಅಂಗಡಿಯಲ್ಲಿ ಒಣಗಿಸಿದವನಿಗೆ ನಷ್ಟ, ಹಸಿಯಾಗಿ ಮಾರಿದವನಿಗೆ ಲಾಭ. ಹೀಗಿರುವಾಗ ಉಪದೇಶದಿಂದ ಪ್ರಯೋಜನವಿಲ್ಲ. ಒಣಗಿಸುವ ವ್ಯವಸ್ಥೆ ಮತ್ತು ಗುಣಮಟ್ಟಕ್ಕೆ ತಕ್ಕ ದರ ಎರಡೂ ಒಟ್ಟಿಗೆ ಬರಬೇಕು. ಒಂದನ್ನು ಬಿಟ್ಟು ಇನ್ನೊಂದು ನಿಲ್ಲದು.

ಅಡಕತ್ತರಿ ಮತ್ತು ತಕ್ಕಡಿಯ ಪರೀಕ್ಷೆ

ಗುಣಮಟ್ಟವನ್ನು ಅಳೆಯುವ ಕ್ರಮ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಬಹುಕಾಲದಿಂದ ಇದೆ. ಅದಕ್ಕೆ ಔಟ್‌ಟರ್ನ್ ಎನ್ನುತ್ತಾರೆ. 80 ಕಿಲೋ ಹಸಿ ಬೀಜದ ಚೀಲವೊಂದರಲ್ಲಿ ಎಷ್ಟು ಪೌಂಡ್ ಒಳ್ಳೆಯ ತಿರುಳು ಇದೆ ಎಂಬುದೇ ಆ ಅಂಕಿ. ಆಫ್ರಿಕಾದಿಂದ ಬರುವ ಹಡಗಿನ ಬೀಜಕ್ಕೆ ಇದೇ ಅಳತೆಯಿಂದ ದರ ನಿಗದಿಯಾಗುತ್ತದೆ. ಊರಿನ ರೈತನ ಬೀಜಕ್ಕೆ ಮಾತ್ರ ಕಣ್ಣಂದಾಜು.

ಈ ಪರೀಕ್ಷೆಯನ್ನು ಯಾವ ಪ್ರಯೋಗಾಲಯವೂ ಇಲ್ಲದೆ ಪಂಚಾಯತ್ ಕಟ್ಟಡದ ಜಗಲಿಯಲ್ಲಿ ಮಾಡಬಹುದು. ಬೇರೆ ಬೇರೆ ಚೀಲಗಳ ಮೇಲಿನಿಂದ, ನಡುವಿನಿಂದ, ತಳದಿಂದ ತೆಗೆದ ಬೀಜವನ್ನು ಬೆರೆಸಿ ಒಂದು ಕಿಲೋ ತೂಗಬೇಕು. ಎಷ್ಟು ಬೀಜಗಳಿವೆ ಎಂದು ಎಣಿಸಬೇಕು. ಎಣಿಕೆ ಕಡಿಮೆಯಾದಷ್ಟೂ ಬೀಜ ದಪ್ಪ. ಅನಂತರ ಪ್ರತಿಯೊಂದನ್ನೂ ಅಡಕತ್ತರಿಯಿಂದ ಉದ್ದಕ್ಕೆ ಸೀಳಿ ತಿರುಳನ್ನು ತೆಗೆಯಬೇಕು. ಒಳ್ಳೆಯ ತಿರುಳನ್ನು ಪೂರ್ಣ ತೂಕಕ್ಕೆ, ಎಳೆಯದನ್ನು ಮತ್ತು ಚುಕ್ಕೆ ಬಿದ್ದುದನ್ನು ಅರ್ಧ ತೂಕಕ್ಕೆ ಲೆಕ್ಕಿಸಿ, ಕೊಳೆತದ್ದನ್ನು ಬಿಡಬೇಕು. ದೊರೆತ ಗ್ರಾಂಗಳನ್ನು 80ರಿಂದ ಗುಣಿಸಿ 454ರಿಂದ ಭಾಗಿಸಿದರೆ ಔಟ್‌ಟರ್ನ್ ಪೌಂಡುಗಳಲ್ಲಿ ಬರುತ್ತದೆ. ಕೈಗೆ ಚಿಪ್ಪಿನ ಎಣ್ಣೆ ತಗುಲದಂತೆ ಕೈಗವಸು ಧರಿಸುವುದನ್ನು ಮರೆಯಬಾರದು.

ಉದಾಹರಣೆಗೆ, ಒಬ್ಬ ರೈತನ ಒಂದು ಕಿಲೋ ಬೀಜದಲ್ಲಿ 270 ಗ್ರಾಂ, ಇನ್ನೊಬ್ಬನದರಲ್ಲಿ 220 ಗ್ರಾಂ ತಿರುಳು ಬಂದಿತು ಎನ್ನೋಣ. ಮೊದಲನೆಯವನ ಔಟ್‌ಟರ್ನ್ ಸುಮಾರು 47.6, ಎರಡನೆಯವನದು 38.8. ಒಂದು ಚೀಲದಲ್ಲಿ ನಾಲ್ಕು ಕಿಲೋ ತಿರುಳಿನ ವ್ಯತ್ಯಾಸ! ಅಂಗಡಿಯಲ್ಲಿ ಇಬ್ಬರಿಗೂ ಒಂದೇ ದರ ಸಿಕ್ಕಿತ್ತು. ಈ ಅಂಕಿಯನ್ನು ಹಿಡಿದುಕೊಂಡು ಹತ್ತು ಮನೆಯವರ ಬೀಜವನ್ನು ಒಟ್ಟುಗೂಡಿಸಿ ನೇರವಾಗಿ ಕಾರ್ಖಾನೆಯವರೊಡನೆ ಮಾತನಾಡಿದರೆ, ರಫ್ತಿನ ಮೊದಲ ಮೆಟ್ಟಿಲು ಹತ್ತಿದಂತೆ. ಅದಕ್ಕೆ ಪರವಾನಗಿಯ ಅಗತ್ಯವೂ ಇಲ್ಲ, ಸಾಲದ ಅಗತ್ಯವೂ ಇಲ್ಲ.

ಒಣಗಿದ ಬೀಜವನ್ನು ಗುರುತಿಸುವ ಹಳೆಯ ಕ್ರಮಗಳು ಇಂದಿಗೂ ಉಪಯುಕ್ತ: ಚಿಪ್ಪಿಗೆ ಉಗುರು ನಾಟಬಾರದು, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ತಿರುಳು ಒಳಗೆ ಗುಳುಗುಳು ಎನ್ನಬೇಕು. ದಾಸ್ತಾನಿಗೆ ಗೋಣಿಚೀಲವೇ ಸೂಕ್ತ. ಪ್ಲಾಸ್ಟಿಕ್ ಚೀಲದಲ್ಲಿ ಬೀಜ ಬೆವರುತ್ತದೆ. ಚೀಲಗಳನ್ನು ನೆಲಕ್ಕೆ ತಾಗದಂತೆ ಮರದ ಹಲಗೆಯ ಮೇಲೆ ಇರಿಸಬೇಕು.

ಬೀಜದಿಂದ ಗೋಡಂಬಿ

ಎರಡನೆಯ ಮೆಟ್ಟಿಲು ಸಂಸ್ಕರಣೆ. ಬೀಜವನ್ನು ಹಬೆಯಲ್ಲಿ ಬೇಯಿಸಿ, ಆರಿಸಿ, ಕೈ ಮತ್ತು ಕಾಲಿನಿಂದ ನಡೆಸುವ ಯಂತ್ರದಲ್ಲಿ ಚಿಪ್ಪನ್ನು ಸೀಳಿ, ತಿರುಳನ್ನು ಬೋರ್ಮಾ ಎಂಬ ಬಿಸಿಗಾಳಿಯ ಕೋಣೆಯಲ್ಲಿ ಒಣಗಿಸಿ, ಕೆಂಪು ಸಿಪ್ಪೆಯನ್ನು ಸುಲಿದು, ದರ್ಜೆವಾರು ವಿಂಗಡಿಸಿ ಕಟ್ಟಲಾಗುತ್ತದೆ. ಸುಮಾರು ನಾಲ್ಕು ಕಿಲೋ ಬೀಜಕ್ಕೆ ಒಂದು ಕಿಲೋ ಗೋಡಂಬಿ ಎಂಬುದು ಸ್ಥೂಲ ಲೆಕ್ಕ.

ಗೋಡಂಬಿಯ ದರ್ಜೆಗಳ ಹೆಸರು ಅರ್ಥವಾದರೆ ವ್ಯಾಪಾರ ಅರ್ಧ ಅರ್ಥವಾದಂತೆ. ಡಬ್ಲ್ಯೂ ಎಂದರೆ ಇಡೀ ಗೋಡಂಬಿ. ಅದರ ಮುಂದಿನ ಅಂಕಿ ಒಂದು ಪೌಂಡಿಗೆ, ಅಂದರೆ 454 ಗ್ರಾಂಗೆ, ಎಷ್ಟು ಗೋಡಂಬಿ ತೂಗುತ್ತವೆ ಎಂಬುದನ್ನು ಹೇಳುತ್ತದೆ. ಡಬ್ಲ್ಯೂ 180 ಅತಿ ದಪ್ಪ, ಅತಿ ದುಬಾರಿ. ಡಬ್ಲ್ಯೂ 210, 240 ಅನಂತರದವು. ಮಾರುಕಟ್ಟೆಯಲ್ಲಿ ಅತ್ಯಂತ ಹೆಚ್ಚಾಗಿ ಓಡಾಡುವುದು ಡಬ್ಲ್ಯೂ 320. ಅದಕ್ಕಿಂತ ಸಣ್ಣದು ಡಬ್ಲ್ಯೂ 450. ಇವುಗಳ ಕೆಳಗೆ ಬೇಳೆ, ತುಂಡು, ನುಚ್ಚು. ಇಡೀ ಗೋಡಂಬಿಗೂ ತುಂಡಿಗೂ ದರದಲ್ಲಿ ಬಹಳ ಅಂತರವಿದೆ. ಆದುದರಿಂದ ಸೀಳುವ ಮತ್ತು ಸುಲಿಯುವ ಮಹಿಳೆಯ ಕೈಚಳಕವೇ ಘಟಕದ ಲಾಭವನ್ನು ನಿರ್ಧರಿಸುತ್ತದೆ.

ಆ ಕೈಗಳ ಬಗ್ಗೆ ಒಂದು ಮಾತು. ಗೇರು ಚಿಪ್ಪಿನ ಎಣ್ಣೆ ಚರ್ಮವನ್ನು ಸುಡುತ್ತದೆ. ಈ ಉದ್ಯಮದಲ್ಲಿ ದುಡಿಯುವವರಲ್ಲಿ ಬಹುಪಾಲು ಮಹಿಳೆಯರು. ಎಷ್ಟೋ ಜನರ ಬೆರಳುಗಳು ಕಪ್ಪಾಗಿ ಸಿಪ್ಪೆ ಎದ್ದಿರುವುದನ್ನು ಸದಸ್ಯರು ತಮ್ಮ ವಾರ್ಡುಗಳಲ್ಲಿಯೇ ಕಂಡಿರಬಹುದು. ಕೈಗವಸು, ಹರಳೆಣ್ಣೆ, ಸೋಪು, ನೀರು, ಶೌಚಾಲಯ ಇವುಗಳ ವೆಚ್ಚ ದೊಡ್ಡದಲ್ಲ. ಗೋಡಂಬಿ ಉದ್ಯಮಕ್ಕೆ ಕರ್ನಾಟಕ ಸರ್ಕಾರ ಕನಿಷ್ಠ ವೇತನವನ್ನು ನಿಗದಿಪಡಿಸಿದೆ. ಈಗ ವಿದೇಶದ ದೊಡ್ಡ ಕೊಳ್ಳುಗರು ಗೋಡಂಬಿಯ ಬಣ್ಣವನ್ನಷ್ಟೇ ನೋಡುವುದಿಲ್ಲ. ದುಡಿಯುವವರ ವೇತನ ಪುಸ್ತಕವನ್ನೂ, ಶೌಚಾಲಯವನ್ನೂ ನೋಡಲು ಬರುತ್ತಾರೆ.

ಕಂಟೈನರಿನ ಲೆಕ್ಕ

ಮೂರನೆಯ ಮೆಟ್ಟಿಲೇ ಸ್ವಂತ ರಫ್ತು. ಉತ್ಸಾಹಿಗಳು ಎಡವುವುದು ಹೆಚ್ಚಾಗಿ ಇಲ್ಲಿ. ಗೋಡಂಬಿಯನ್ನು 50 ಪೌಂಡ್, ಅಂದರೆ 22.68 ಕಿಲೋ ಪೆಟ್ಟಿಗೆಗಳಲ್ಲಿ ಗಾಳಿ ತೆಗೆದು ಕಟ್ಟಲಾಗುತ್ತದೆ. 20 ಅಡಿಯ ಒಂದು ಕಂಟೈನರಿಗೆ 700 ಪೆಟ್ಟಿಗೆ ಎಂಬುದು ರೂಢಿಯ ಲೆಕ್ಕ, ಒಟ್ಟು 15.8 ಟನ್ನಿಗೆ ಸ್ವಲ್ಪ ಹೆಚ್ಚು. ಇದಕ್ಕೆ ಸುಮಾರು 63 ಟನ್ ಹಸಿ ಬೀಜ ಬೇಕು. ಹೆಕ್ಟೇರಿಗೆ 750 ಕಿಲೋ ಇಳುವರಿ ಎಂದು ಹಿಡಿದರೆ ಸುಮಾರು 85 ಹೆಕ್ಟೇರ್, ಅಂದರೆ 210 ಎಕರೆ ಗೇರು ತೋಪಿನ ಪೂರ್ತಿ ವರ್ಷದ ಫಸಲು.

ಲೆಕ್ಕ ಇಲ್ಲಿಗೆ ಮುಗಿಯದು. ಕೊಳ್ಳುವವನು ಕೇಳುವುದು ಒಂದು ಅಥವಾ ಎರಡು ದರ್ಜೆಗಳನ್ನು ಮಾತ್ರ. ಬಂದ ಗೋಡಂಬಿಯಲ್ಲಿ ಮೂರನೆಯ ಒಂದು ಭಾಗ ಡಬ್ಲ್ಯೂ 320 ಎಂದು ಊಹಿಸಿದರೆ, ಆ ಒಂದೇ ದರ್ಜೆಯ ಕಂಟೈನರ್ ತುಂಬಿಸಲು 190 ಟನ್ ಬೀಜ ಬೇಕಾಗುತ್ತದೆ. ಉಳಿದ ದರ್ಜೆಗಳಿಗೆ ಬೇರೆ ಗಿರಾಕಿಗಳನ್ನು ಹುಡುಕಬೇಕಾಗುತ್ತದೆ.

ಇನ್ನು ಬಂಡವಾಳ. ಲೆಕ್ಕದ ಅನುಕೂಲಕ್ಕಾಗಿ ಬೀಜದ ದರ ಕಿಲೋಗೆ 100 ರೂಪಾಯಿ ಎಂದಿಟ್ಟುಕೊಂಡರೂ 63 ಟನ್ನಿಗೆ 63 ಲಕ್ಷ ರೂಪಾಯಿ. ಫಸಲು ಮೂರು ತಿಂಗಳಲ್ಲಿ ಮುಗಿಯುವುದರಿಂದ ಇಷ್ಟೂ ಹಣವನ್ನು ಮೇ ಕೊನೆಯೊಳಗೆ ಕೊಟ್ಟಿರಬೇಕು. ಗೋಡಂಬಿ ತಯಾರಾಗಿ, ಹಡಗು ಹತ್ತಿ, ಹಣ ಖಾತೆಗೆ ಬರಲು ಆರು ತಿಂಗಳಾದರೆ ಶೇಕಡಾ 12ರ ಬಡ್ಡಿಯೇ 3 ಲಕ್ಷ 78 ಸಾವಿರ. ಆ ನಡುವೆ ಗೋಡಂಬಿಯ ದರ ಇಳಿದರೆ ದುಬಾರಿ ಬೀಜದ ದಾಸ್ತಾನು ಹಾಗೆಯೇ ಉಳಿಯುತ್ತದೆ. ಯಂತ್ರಕ್ಕೆ ಸಾಲ ಸಿಕ್ಕಿತೆಂದು ಸಂಭ್ರಮಿಸಿ, ಬೀಜ ಕೊಳ್ಳಲು ಹಣವಿಲ್ಲದೆ ಬೀಗ ಹಾಕಿದ ಘಟಕಗಳ ಕಥೆ ಇದೇ.

ಹಾಗಾದರೆ ಸಣ್ಣ ಘಟಕಕ್ಕೆ ವಿದೇಶದ ಬಾಗಿಲು ಮುಚ್ಚಿದೆಯೇ? ಇಲ್ಲ. ತಾನೇ ಕಂಟೈನರ್ ತುಂಬಿಸದೆ, ಅನುಭವವುಳ್ಳ ರಫ್ತುದಾರನಿಗೆ ದರ್ಜೆವಾರು ಗೋಡಂಬಿ ಒದಗಿಸಬಹುದು. ಎರಡು ಮೂರು ವರ್ಷ ಹೀಗೆ ಮಾಡಿದರೆ ವಿದೇಶದವರು ಕೇಳುವ ಶುಚಿತ್ವ, ದಾಖಲೆ, ಸಮಯಪಾಲನೆ ಎಲ್ಲವೂ ಅಭ್ಯಾಸವಾಗುತ್ತದೆ. ಇನ್ನೊಂದು ವಿಷಯವನ್ನೂ ಮರೆಯಬಾರದು: ಗೋಡಂಬಿಯನ್ನು ಅತಿ ಹೆಚ್ಚು ತಿನ್ನುವ ದೇಶಗಳಲ್ಲಿ ಭಾರತವೇ ಮುಂದಿದೆ. ಬೆಂಗಳೂರಿನ ಸಿಹಿತಿಂಡಿ ಅಂಗಡಿ ಒಳ್ಳೆಯ ದರ ಕೊಡುವಾಗ ರಾಟರ್‌ಡ್ಯಾಮಿಗೆ ಕಳುಹಿಸುವುದು ಪ್ರತಿಷ್ಠೆಯ ವಿಷಯವಾಗಬಾರದು. ಯಾವ ವರ್ಷ ಎಲ್ಲಿ ಮಾರಬೇಕೆಂಬುದನ್ನು ಲೆಕ್ಕ ಹೇಳಬೇಕು.

ಕಾಗದಪತ್ರ ಮತ್ತು ಮೋಸ

ಸ್ವಂತ ರಫ್ತಿಗೆ ಬೇಕಾದ ದಾಖಲೆಗಳು ಜನ ಹೆದರುವಷ್ಟು ಕಠಿಣವಲ್ಲ. ಮೊದಲನೆಯದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ನೀಡುವ ಐಇಸಿ ಸಂಖ್ಯೆ. ಪ್ಯಾನ್ ಆಧಾರದ ಮೇಲೆ ಆನ್‌ಲೈನಿನಲ್ಲಿ ದೊರೆಯುವ ಇದರ ಸರ್ಕಾರಿ ಶುಲ್ಕ 500 ರೂಪಾಯಿ. ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರಗಳನ್ನು ದೃಢೀಕರಿಸಬೇಕು. ಅನಂತರ ಜಿಎಸ್‌ಟಿ ನೋಂದಣಿ, ಅಪೆಡಾ ಸಂಸ್ಥೆಯ ನೋಂದಣಿ, ರಫ್ತುದಾರರಿಗೆ ಕಡ್ಡಾಯವಾದ ಕೇಂದ್ರೀಯ ಆಹಾರ ಸುರಕ್ಷತಾ ಪರವಾನಗಿ, ಬ್ಯಾಂಕಿನ ಎಡಿ ಕೋಡ್. ಪ್ರತಿ ರವಾನೆಗೆ ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿ, ಮೂಲದೇಶದ ಪ್ರಮಾಣಪತ್ರ, ಕೊಳ್ಳುವ ದೇಶ ಕೇಳಿದರೆ ಸಸ್ಯ ಆರೋಗ್ಯ ಪ್ರಮಾಣಪತ್ರ ಮತ್ತು ಪ್ರಯೋಗಾಲಯದ ವರದಿ.

ಐಇಸಿ ಎಂಬುದು ವಾಹನ ಚಾಲನೆಯ ಲೈಸೆನ್ಸಿನಂತೆ. ಅದು ಗಾಡಿಯನ್ನೂ ಕೊಡದು, ಬಾಡಿಗೆಯನ್ನೂ ತರದು. 500 ರೂಪಾಯಿಯ ಈ ಸಂಖ್ಯೆಯನ್ನು "ಎಕ್ಸ್‌ಪೋರ್ಟ್ ಲೈಸೆನ್ಸ್" ಎಂದು ಸಾವಿರಾರು ರೂಪಾಯಿಗೆ ಮಾರುವ ದಲ್ಲಾಳಿಗಳಿದ್ದಾರೆ. ವಿದೇಶದ ಗಿರಾಕಿಯನ್ನು ಹುಡುಕಿ ಕೊಡುವೆವೆಂದು ಮುಂಗಡ ಪಡೆದು ಮಾಯವಾಗುವವರಿದ್ದಾರೆ. ಗಿರಾಕಿಯ ಹೆಸರಿನಲ್ಲಿ ಬಂದ ಮಿಂಚಂಚೆಯಲ್ಲಿ ಬ್ಯಾಂಕ್ ಖಾತೆಯ ಸಂಖ್ಯೆಯನ್ನೇ ಬದಲಿಸುವ ವಂಚಕರೂ ಇದ್ದಾರೆ. ಮೊದಲ ವ್ಯವಹಾರದಲ್ಲಿ ಮುಂಗಡ ಹಣ ಅಥವಾ ವಿಶ್ವಾಸಾರ್ಹ ಬ್ಯಾಂಕಿನ ಸಾಖಪತ್ರವಿಲ್ಲದೆ ಸರಕು ಊರು ಬಿಡಬಾರದು. ಹಣ ಬಾರದಿದ್ದರೆ ನಷ್ಟ ತುಂಬಿಕೊಡುವ ರಫ್ತು ಸಾಲ ವಿಮೆಯನ್ನು ಇಸಿಜಿಸಿ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಒದಗಿಸುತ್ತದೆ. ಅದರ ಕಂತನ್ನು ಉಳಿಸಲು ಹೋಗಬಾರದು.

ಹಿಂದಿರುಗಿ ಬರುವ ಸರಕು

ಮಾದರಿ ಒಂದು, ಸರಕು ಇನ್ನೊಂದು ಆದರೆ ಕಂಟೈನರ್ ತಿರಸ್ಕೃತವಾಗುತ್ತದೆ. ಗೋಡಂಬಿಯ ತೇವಾಂಶ ಶೇಕಡಾ 5 ಮೀರಬಾರದು. ಜೀವಂತ ಹುಳು, ಕೂದಲು, ಕಬ್ಬಿಣದ ಚೂರು ಇರಬಾರದು. ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ನೇರವಾಗಿ ತಿನ್ನುವ ಗೋಡಂಬಿಯಲ್ಲಿ ಕಿಲೋಗೆ 4 ಮೈಕ್ರೋಗ್ರಾಂ ಮೀರಿದರೆ ಯುರೋಪಿಯನ್ ಒಕ್ಕೂಟ ಅದನ್ನು ಒಳಗೆ ಬಿಡುವುದಿಲ್ಲ. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗವೇ ಮೈಕ್ರೋಗ್ರಾಂ. ಮೇ ತಿಂಗಳ ಅಂಗಳದಲ್ಲಿ ಒದ್ದೆಯಾದ ಒಂದು ಚೀಲ ಡಿಸೆಂಬರಿನಲ್ಲಿ ಪರದೇಶದ ಪ್ರಯೋಗಾಲಯದಲ್ಲಿ ಸಿಕ್ಕಿಬೀಳುವುದು ಹೀಗೆ.

ಕೀಟನಾಶಕದ ವಿಷಯದಲ್ಲಿ ಈ ಕರಾವಳಿಗೆ ಹೊರಗಿನವರು ಪಾಠ ಹೇಳಬೇಕಾಗಿಲ್ಲ. ಗೇರು ತೋಪುಗಳ ಮೇಲೆ ವರ್ಷಗಟ್ಟಲೆ ಸಿಂಪಡಿಸಿದ ಎಂಡೋಸಲ್ಫಾನಿನ ದುರಂತವನ್ನು ಕಾಸರಗೋಡಿನ ಹಾಗೂ ದಕ್ಷಿಣ ಕನ್ನಡದ ಗ್ರಾಮಗಳು ಇಂದಿಗೂ ಮನೆಮನೆಯಲ್ಲಿ ಅನುಭವಿಸುತ್ತಿವೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆಯಿತು. ಟೀ ಸೊಳ್ಳೆ ಎಂದು ಕರೆಯಲಾಗುವ ಕೀಟದ ಹತೋಟಿಗೆ ಸಂಶೋಧನಾ ಸಂಸ್ಥೆ ಶಿಫಾರಸು ಮಾಡಿದ ಔಷಧವನ್ನು, ಹೇಳಿದ ಪ್ರಮಾಣದಲ್ಲಿ, ಹೇಳಿದ ಹಂತದಲ್ಲಿ ಮಾತ್ರ ಬಳಸುವುದು ಮಾರುಕಟ್ಟೆಯ ನಿಯಮವಾಗುವ ಮೊದಲೇ ಊರಿನ ನಿಯಮವಾಗಬೇಕು.

ಗ್ರಾಮ ಪಂಚಾಯತ್ ಏನು ಮಾಡಬಹುದು

ಪಂಚಾಯತ್ ವ್ಯಾಪಾರಕ್ಕೆ ಇಳಿಯಬೇಕಾಗಿಲ್ಲ. ವ್ಯಾಪಾರ ನ್ಯಾಯವಾಗಿ ನಡೆಯಲು ಬೇಕಾದ ನೆಲವನ್ನು ಹದಮಾಡಿದರೆ ಸಾಕು.

1. ಗೇರು ಹೆಚ್ಚಿರುವ ಪ್ರತಿ ವಾರ್ಡಿನಲ್ಲಿ ಒಂದು ಸಾಮೂಹಿಕ ಒಣಗು ಕಣ ಮತ್ತು ಮಳೆ ತಾಗದ ದಾಸ್ತಾನು ಕೊಠಡಿಯನ್ನು ಅಭಿವೃದ್ಧಿ ಯೋಜನೆಯಲ್ಲಿ ಸೇರಿಸುವುದು.

2. ಸಂಜೀವಿನಿ ಒಕ್ಕೂಟಕ್ಕೆ ತಕ್ಕಡಿ, ತೇವಾಂಶ ಮಾಪಕ, ಅಡಕತ್ತರಿ ಒದಗಿಸಿ, ಫಸಲಿನ ತಿಂಗಳುಗಳಲ್ಲಿ ವಾರಕ್ಕೊಂದು ದಿನ ಬಹಿರಂಗ ಪರೀಕ್ಷೆ ನಡೆಸಿ, ಫಲಿತಾಂಶವನ್ನು ಸೂಚನಾ ಫಲಕದಲ್ಲಿ ಬರೆಯುವುದು.

3. ಆಹಾರ ಸಂಸ್ಕರಣೆಯ ಕಿರು ಉದ್ದಿಮೆಗಳಿಗೆ ಪಿಎಂಎಫ್‌ಎಂಇ ಯೋಜನೆಯಡಿ ಯೋಜನಾ ವೆಚ್ಚದ ಶೇಕಡಾ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಾಲಾಧಾರಿತ ಸಹಾಯಧನದ ಅವಕಾಶ ಕಲ್ಪಿಸಲಾಗಿದೆ. ಅರ್ಜಿದಾರರಿಗೆ ಇದರ ಚಾಲ್ತಿ ನಿಯಮಗಳನ್ನು ತಿಳಿಸುವಾಗ ಬೀಜ ಖರೀದಿಯ ದುಡಿಯುವ ಬಂಡವಾಳದ ಲೆಕ್ಕವನ್ನೂ ಕೇಳುವುದು.

4. ಘಟಕಕ್ಕೆ ಪರವಾನಗಿ ನೀಡುವಾಗ ಅರ್ಜಿಯನ್ನು ವಿನಾಕಾರಣ ತಡೆಹಿಡಿಯದಿರುವುದು. ಅದೇ ವೇಳೆ ಶಾಲೆ, ಅಂಗನವಾಡಿ, ಕುಡಿಯುವ ನೀರಿನ ಬಾವಿಗಳಿಂದ ಇರುವ ದೂರ, ಚಿಪ್ಪಿನ ಹೊಗೆ ಮತ್ತು ಎಣ್ಣೆಯ ವಿಲೇವಾರಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ಮಹಿಳೆಯರಿಗೆ ಶೌಚಾಲಯ ಇವುಗಳನ್ನು ಸ್ಥಳದಲ್ಲಿಯೇ ಪರಿಶೀಲಿಸುವುದು.

5. ರಫ್ತಿನ ಹೆಸರಿನಲ್ಲಿ ಹಣ ಕೇಳುವ ದಲ್ಲಾಳಿಗಳ ಕುರಿತು ಗ್ರಾಮಸಭೆಯಲ್ಲಿ ಎಚ್ಚರಿಕೆ ನೀಡುವುದು. ಐಇಸಿ ಶುಲ್ಕ 500 ರೂಪಾಯಿ ಎಂಬ ಒಂದೇ ವಾಕ್ಯದ ಫಲಕ ಎಷ್ಟೋ ಕುಟುಂಬಗಳನ್ನು ಉಳಿಸಬಲ್ಲದು.

6. ಮುದಿಯಾದ ಗೇರು ಮರಗಳ ಜಾಗದಲ್ಲಿ ಕಸಿ ಗಿಡಗಳನ್ನು ನೆಡಲು ತೋಟಗಾರಿಕೆ ಇಲಾಖೆಯೊಡನೆ ಸೇರಿ ಫಲಾನುಭವಿಗಳ ಪಟ್ಟಿಯನ್ನು ಮಳೆಗಾಲಕ್ಕೆ ಮುಂಚೆ ಸಿದ್ಧಪಡಿಸುವುದು. ದಪ್ಪ ಬೀಜದ ತಳಿಯಿಂದಲೇ ದಪ್ಪ ಗೋಡಂಬಿ ಬರುವುದು.

ಮಾನ್ಯ ಸದಸ್ಯರೇ, ಮುಂದಿನ ಗ್ರಾಮಸಭೆಯಲ್ಲಿ ಅದೇ ಪ್ರಶ್ನೆ ಮತ್ತೆ ಬಂದರೆ, ಕೇಳಿದವರ ಕೈಗೆ ಅರ್ಜಿ ನಮೂನೆಯನ್ನು ಕೊಡುವ ಮೊದಲು ಒಂದು ಕಿಲೋ ಬೀಜ ತರಲು ಹೇಳಬೇಕು. ಸಭೆಯ ಎದುರಿನಲ್ಲಿಯೇ ಅದನ್ನು ಸೀಳಿ, ತೂಗಿ, ಅಂಕಿಯನ್ನು ಕರಿಹಲಗೆಯ ಮೇಲೆ ಬರೆಯಬೇಕು. ಪಕ್ಕದಲ್ಲಿ ಕಂಟೈನರಿನ ಲೆಕ್ಕವನ್ನೂ ಬರೆಯಬೇಕು. ತಾವು ಈಗ ಯಾವ ಮೆಟ್ಟಿಲಿನಲ್ಲಿ ನಿಂತಿದ್ದೇವೆ, ಮುಂದಿನದು ಎಷ್ಟು ಎತ್ತರದಲ್ಲಿದೆ ಎಂಬುದನ್ನು ಕೇಳಿದವರೇ ಓದಿಕೊಳ್ಳುತ್ತಾರೆ. ಫೆಬ್ರವರಿಯಲ್ಲಿ ಮೊದಲ ಬೀಜ ಬೀಳುವುದರೊಳಗೆ ಕಣವೊಂದು, ತಕ್ಕಡಿಯೊಂದು ಸಿದ್ಧವಾಗಿದ್ದರೆ ಈ ಕಾರ್ಯಾಗಾರ ಸಾರ್ಥಕ.